ಸರ್ವರ್ ಡೌನ್ ಅಂದ್ರ ಯಾವ ಸರ್ವರ್?

ಜಾವಾಸ್ಕ್ರಿಪ್ಟ್ ಬರೆಯೋ ಯಾವ ಹುಡುಗನ ಕಂಪ್ಯೂಟರ್ ಬೇಕಾದರೂ ತೆಗೆದು ನೋಡ್ರಿ, ಕನ್ಸೋಲಿನಲ್ಲಿ ಇಂಥ ಸಾಲುಗಳು ಸಿಗ್ತಾವ: ‘ಬಂತು’. ‘ಇಲ್ಲಿ’. ‘ಇಲ್ಲಿ 2’. ‘ಯಾಕೆ ಬರ್ತಿಲ್ಲ’. ಅದರ ಕೆಳಗೆ ಬರೀ ‘11111’. ಬರೆದ ದಿನ ಅವನಿಗೆ ಅದರ ಅರ್ಥ ಗೊತ್ತಿರುತ್ತದೆ. ಹದಿನೈದು ದಿನ ಬಿಟ್ಟು ನೋಡಿದರೆ ಅವನಿಗೂ ಗೊತ್ತಿರಲ್ಲ. ಅದೇ ಪ್ರೋಗ್ರಾಮಿನಲ್ಲಿ ಇನ್ನೂ ನಾಲ್ಕು ಜನ ಕೆಲಸ ಮಾಡ್ತಿದ್ದರೆ ಅವರದೂ ‘ಇಲ್ಲಿ’, ಇವರದೂ ‘ಇಲ್ಲಿ’. ಎಲ್ಲಿ ಅಂತ ಯಾವ ಸಾಲೂ ಹೇಳೋದಿಲ್ಲ.

ಇದಕ್ಕೆ ಔಷಧ ಬಹಳ ಸಣ್ಣದು. ಸಾಲಿನ ಮುಂದೆ ಒಂದು ಹೆಸರು ಬರೆಯೋದು. ‘ಲಾಗಿನ್: ಬಂತು’, ‘ಪೇಮೆಂಟ್: ಇಲ್ಲಿ’. ಈ ಹೆಸರಿಗೆ ಟ್ಯಾಗ್ ಅಂತಾರೆ. ಹುಮನಾಬಾದದ ಅಡತಿ ಅಂಗಡಿಯೊಳಗ ತೊಗರಿ ಚೀಲ ಸಾಲಾಗಿ ಇಟ್ಟಿರ್ತಾರಲ್ಲ, ಎಲ್ಲಾ ಚೀಲ ಒಂದೇ ಥರ, ಒಳಗಿನ ತೊಗರಿನೂ ಒಂದೇ ಥರ. ಚೀಲದ ಮೇಲೆ ಬಣ್ಣದಲ್ಲಿ ಬರೆದ ಒಂದಕ್ಷರ ನೋಡೇ ಹಮಾಲ ಇದು ಯಾರ ಮಾಲು ಅಂತ ಹೇಳ್ತಾನ. ಆ ಅಕ್ಷರ ಅಳಿಸಿ ಹೋದರೆ ಜಗಳ ಶುರು.

ಈ ಒಂದಕ್ಷರಕ್ಕೆ ಒಂದು ಇತಿಹಾಸ ಅದ. ನಾವು ಕಾಲೇಜಿನಲ್ಲಿ ಬಿ.ಇ. ಓದುವಾಗ ಯಾರೂ ಹೇಳಿಕೊಡಲಿಲ್ಲ. ಸಿಲಬಸ್ಸಿನಲ್ಲಿ ಕಂಪೈಲರ್ ಇತ್ತು, ನೆಟ್‌ವರ್ಕ್ ಇತ್ತು, ಲಾಗ್ ಅನ್ನೋ ಪದವೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ವರ್ಷ ಮಾಡಿದ್ದೆಲ್ಲ ಲಾಗ್ ಓದುವ ಕೆಲಸ.

ಪದದಿಂದಲೇ ಶುರು ಮಾಡೋಣ. ಲಾಗ್ ಅಂದರೆ ಮರದ ತುಂಡು. ಹಿಂದೆ ಯುರೋಪಿನ ಹಡಗಿನವರು ವೇಗ ಅಳೆಯಲಿಕ್ಕೆ ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಬಿಡ್ತಿದ್ದರು. ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸಿ ಪುಸ್ತಕದಲ್ಲಿ ಬರೆದಿಡೋದು. ಆ ಪುಸ್ತಕ ಲಾಗ್‌ಬುಕ್ ಆಯ್ತು. ಹಡಗಿನ ವೇಗವನ್ನು ಇವತ್ತಿಗೂ ಗಂಟುಗಳಲ್ಲೇ ಹೇಳ್ತಾರೆ.

ಕಂಪ್ಯೂಟರಿನಲ್ಲಿ ಈ ಪುಸ್ತಕಕ್ಕೆ ಒಂದು ಶಿಸ್ತು ತಂದದ್ದು ಸಿಸ್‌ಲಾಗ್. 1980ರ ದಶಕದ ಆರಂಭ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ. ಎರಿಕ್ ಆಲ್ಮನ್ ಅನ್ನುವವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೀತಿದ್ದರು. ಮೇಲ್ ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ತಿಳಿಯಲಿಕ್ಕೆ ಅವರು ಮಾಡಿಕೊಂಡ ವ್ಯವಸ್ಥೆ ಇದು. ಉಳಿದ ಪ್ರೋಗ್ರಾಮುಗಳೂ ಅದನ್ನೇ ಹಿಡಿದವು. ಅದರಲ್ಲಿ ಪ್ರತಿ ಸಾಲಿಗೆ ಎರಡು ಗುರುತು. ಒಂದು, ಎಲ್ಲಿಂದ ಬಂದದ್ದು: ಅಂಚೆಯೋ, ಕರ್ನೆಲ್ಲೋ, ಲಾಗಿನ್ನೋ. ಎರಡು, ಎಷ್ಟು ಗಂಭೀರ: 0ಯಿಂದ 7ರವರೆಗೆ ಎಂಟು ಮೆಟ್ಟಿಲು. 0 ಅಂದರೆ ಮನೆಗೇ ಬೆಂಕಿ ಬಿದ್ದಂತೆ, 7 ಅಂದರೆ ಬರೀ ಡೀಬಗ್ ಮಾತು. ಇಪ್ಪತ್ತು ವರ್ಷ ಇದಕ್ಕೆ ಬರೆದಿಟ್ಟ ನಿಯಮ ಅಂತ ಇರಲೇ ಇಲ್ಲ, ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮಾಡ್ತಿದ್ದರು. 2001ರಲ್ಲಿ ಆರ್‌ಎಫ್‌ಸಿ 3164 ಎಂಬ ದಾಖಲೆ ಬಂತು. ಅದು ಸಂದೇಶವನ್ನು ಎರಡು ಭಾಗ ಮಾಡಿತು: ಟ್ಯಾಗ್ ಮತ್ತು ವಿಷಯ. ಟ್ಯಾಗ್ ಅಂದರೆ ಮಾತಾಡಿದ ಪ್ರೋಗ್ರಾಮಿನ ಹೆಸರು, 32 ಅಕ್ಷರ ಮೀರಬಾರದು. ನಮ್ಮ ಈಗಿನ ಲೈಬ್ರರಿಗಳ ಟ್ಯಾಗಿಗೆ ಇದು ಹತ್ತಿರದ ಅಜ್ಜ.

ದೂರದ ಅಜ್ಜನನ್ನು ಹುಡುಕಿದರೆ ನಮ್ಮ ದುಬಲಗುಂಡಿಯಿಂದ ಬಹಳ ದೂರ ಹೋಗೋದು ಬೇಕಿಲ್ಲ. ಬಸವಕಲ್ಯಾಣ ಸಾಕು. ಆಗ ಅದು ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಚಾಲುಕ್ಯ ವಿಕ್ರಮ ಶಕ ಅಂತ ತನ್ನದೇ ಕಾಲಗಣನೆ ಶುರು ಮಾಡಿದ. ಅವನ ಕಾಲದಲ್ಲಿ ಅಲ್ಲೇ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಮಿತಾಕ್ಷರ ಅಂದ ಕೂಡಲೇ ಎಲ್ಲರಿಗೂ ಆಸ್ತಿ ಪಾಲು ನೆನಪಾಗುತ್ತದೆ. ನನಗೆ ರುಚಿಸಿದ್ದು ಸಾಲಪತ್ರ ಹೇಗಿರಬೇಕು ಅನ್ನುವ ಭಾಗ.

ಆ ನಿಯಮದ ಪ್ರಕಾರ ಪತ್ರದಲ್ಲಿ ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಕೊಟ್ಟವನ, ತಗೊಂಡವನ ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಇರಬೇಕು. ಸಾಲ ತಗೊಂಡವನು ತನ್ನ ಕೈಯಾರೆ ತನ್ನ ಹೆಸರು ಬರೆದು ಒಪ್ಪಬೇಕು. ಸಾಕ್ಷಿಗಳೂ ತಂದೆಯ ಹೆಸರಿನ ಸಮೇತ ತಮ್ಮ ಕೈಯಿಂದ ಬರೆಯಬೇಕು. ಎಲ್ಲಾ ಆದ ಮೇಲೆ ಕೊನೆಗೆ, ಇಬ್ಬರೂ ಕೇಳಿಕೊಂಡದ್ದಕ್ಕೆ ಇಂಥವರ ಮಗನಾದ ನಾನು ಇದನ್ನು ಬರೆದೆ ಅಂತ ಬರೆದವನು ತನ್ನ ಹೆಸರನ್ನೂ ಹಾಕಬೇಕು. ಸಮಯ, ಮೂಲ, ವಿಷಯ, ಬರೆದವನು. ಲಾಗ್ ಲೈಬ್ರರಿಯ ಮೊದಲ ಪುಟದಲ್ಲಿ ಇರೋದೂ ಇವೇ ನಾಲ್ಕು.

ಆ ಕಾಲದ ಶಾಸನಗಳ ತಾರೀಕು ಇನ್ನೂ ಬಿಗಿ. ವರ್ಷದ ಸಂಖ್ಯೆ ಹೇಳಿ, ಸಂವತ್ಸರದ ಹೆಸರು ಹೇಳಿ, ಮಾಸ, ತಿಥಿ, ಮೇಲೆ ವಾರವನ್ನೂ ಹೇಳ್ತಾರೆ. ಒಂದೇ ವಿಷಯವನ್ನು ಇಷ್ಟು ಸಲ ಯಾಕೆ ಹೇಳಬೇಕು ಅನಿಸಬಹುದು. ತಿಥಿಗೂ ವಾರಕ್ಕೂ ತಾಳೆ ಬೀಳದಿದ್ದರೆ ಎಲ್ಲೋ ತಪ್ಪಿದೆ ಅಂತ ಶಾಸನ ಓದುವವರಿಗೆ ಗೊತ್ತಾಗುತ್ತದೆ; ಕೂಟಶಾಸನ, ಅಂದರೆ ಸುಳ್ಳು ಶಾಸನ, ಸಿಕ್ಕಿಬೀಳೋದಕ್ಕೆ ಇದೂ ಒಂದು ದಾರಿ. ನಮ್ಮ ಸೀಮೆಯಲ್ಲಿ ಕಾಲದ ಗೊಂದಲ ಮುಂದೆಯೂ ತಪ್ಪಲಿಲ್ಲ. ನಿಜಾಮರ ಕಾಲದ ಹೊಲದ ಕಾಗದ ಮನೆಯ ಸಂದೂಕದಲ್ಲಿ ಇದ್ದರೆ ತೆಗೆದು ನೋಡ್ರಿ, ಮೇಲೆ ಫಸಲಿ ಇಸವಿ ಇರುತ್ತದೆ. 590 ಅಥವಾ 591 ಕೂಡಿಸಿದರೆ ಈಗಿನ ಇಸವಿ. ಜಹಗೀರು ರದ್ದಾದ ಕಾಯ್ದೆಗೆ 1358 ಫಸಲಿ ಅಂತ ಹೆಸರು, ಅದು ಬಂದದ್ದು 1949ರಲ್ಲಿ. ಸರ್ವರಿನ ಲಾಗ್ ಯುಟಿಸಿಯಲ್ಲಿ ಇದ್ದು, ದೂರು ಕೊಟ್ಟವರು ನಮ್ಮ ಗಡಿಯಾರದ ಸಮಯ ಹೇಳಿದಾಗ ಐದೂವರೆ ತಾಸು ಕೂಡಿಸುವ ಕೆಲಸ ಇದಕ್ಕಿಂತ ಬೇರೆ ಏನಲ್ಲ.

ಟ್ಯಾಗಿನ ನಿಜವಾದ ಶಕ್ತಿ ನೋಡಬೇಕಂದ್ರ ವಚನಗಳ ಅಂಕಿತ ನೋಡಬೇಕು. ವಿಜ್ಞಾನೇಶ್ವರ ಬರೆದು ಐವತ್ತು ಅರವತ್ತು ವರ್ಷದೊಳಗೆ ಅದೇ ಕಲ್ಯಾಣದಲ್ಲಿ ಶರಣರು ಸೇರಿದರು. ಪ್ರತಿ ವಚನದ ಕೊನೆಗೆ ಒಂದು ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಚೆನ್ನಬಸವಣ್ಣನದು ಕೂಡಲಚೆನ್ನಸಂಗಮದೇವ. ಸೋದರಮಾವನ ಅಂಕಿತದ ನಡುವೆ ತನ್ನದೊಂದು ಪದ ಸೇರಿಸಿದಂತೆ ಕಾಣುತ್ತದೆ. ಜಾವಾಸ್ಕ್ರಿಪ್ಟಿನವರು ‘ಎಕ್ಸ್‌ಪ್ರೆಸ್:ರೌಟರ್’ ಅಂತ ಬರೆದಾಗ ನನಗೆ ಇದೇ ನೆನಪಾಗೋದು. ಕಲ್ಯಾಣದ ಗಲಾಟೆಯ ನಂತರ ವಚನಗಳು ಎಲ್ಲೆಲ್ಲೋ ಚದುರಿದವು, ತಾಳೆಗರಿಯಲ್ಲಿ ಒಬ್ಬರದರ ಜೊತೆ ಇನ್ನೊಬ್ಬರದು ಕೂಡಿದವು. ಏಳೂವರೆ ಶತಮಾನ ಆದ ಮೇಲೆ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಇದು ಯಾರ ವಚನ ಅಂತ ವಿಂಗಡಿಸೋದಕ್ಕೆ ಅವರಿಗೂ ಅವರ ನಂತರದವರಿಗೂ ಕೈಗೆ ಸಿಕ್ಕ ಮೊದಲ ಹಿಡಿಕೆ ಅಂಕಿತ. ಅದೊಂದು ಇರದಿದ್ದರೆ ಸಾವಿರಾರು ವಚನ ಬರೀ ‘ಇಲ್ಲಿ’, ‘ಇಲ್ಲಿ 2’ ಆಗಿ ಉಳೀತಿದ್ದವು.

ಟ್ಯಾಗ್ ಬದಲಿಸಿದರೆ ಏನಾಗುತ್ತದೆ ಅನ್ನೋದಕ್ಕೂ ಇಲ್ಲೇ ಉದಾಹರಣೆ ಅದ. ಬಸವಣ್ಣನವರ ವಚನಗಳ ಅಂಕಿತವನ್ನು ಲಿಂಗದೇವ ಅಂತ ಬದಲಿಸಿ ಅಚ್ಚು ಹಾಕಿದ ವಚನ ದೀಪ್ತಿ ಪುಸ್ತಕವನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2017ರಲ್ಲಿ ಮುಟ್ಟುಗೋಲೇ ಖಾಯಂ ಆಯ್ತು. ಅದರ ಸರಿ ತಪ್ಪು ನನ್ನ ವಿಷಯ ಅಲ್ಲ. ಒಂದು ಪದಕ್ಕೆ ಹತ್ತೊಂಬತ್ತು ವರ್ಷ ಕೇಸು ನಡೀತು ಅನ್ನೋದಷ್ಟೇ ನನ್ನ ವಿಷಯ.

ಈಗ ಬ್ರೌಸರಿಗೆ ಬರೋಣ. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿಗಾಗಿ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಮಾಡಿದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಹತ್ತು ದಿನದ ಗಡಿಬಿಡಿಯೊಳಗ ಲಾಗ್ ಯಾರು ನೆನಸ್ತಾರ? ಹತ್ತು ಹನ್ನೊಂದು ವರ್ಷ ಜಾವಾಸ್ಕ್ರಿಪ್ಟಿನವರು ಹೆಚ್ಚಾಗಿ ನಂಬಿಕೊಂಡಿದ್ದದ್ದು ಅಲರ್ಟ್ ಡಬ್ಬಿಯನ್ನು. ಏನಾಗ್ತಿದೆ ತಿಳಿಯಬೇಕಾದರೆ ಪರದೆಯ ನಡುವೆ ಡಬ್ಬಿ ಬರಬೇಕು, ಓಕೆ ಒತ್ತಬೇಕು, ಮತ್ತೆ ಡಬ್ಬಿ. ಲೂಪಿನೊಳಗೆ ಹಾಕಿದರೆ ನೂರು ಸಲ ಓಕೆ. 2006ರಲ್ಲಿ ಜೋ ಹ್ಯೂವಿಟ್ ಫೈರ್‌ಫಾಕ್ಸಿಗೆ ಫೈರ್‌ಬಗ್ ಬರೆದ ಮೇಲೆ ಕನ್ಸೋಲ್ ಡಾಟ್ ಲಾಗ್ ಮನೆಮಾತಾಯ್ತು. ಡಬ್ಬಿ ಇಲ್ಲ, ತಡೆ ಇಲ್ಲ, ಸಾಲು ಸುಮ್ಮನೆ ಕೆಳಗೆ ಬೀಳುತ್ತದೆ.

ಆ ಕಾಲದ ಒಂದು ತಮಾಷೆ ಹೇಳಲೇಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು 9ರಲ್ಲಿ ಡೆವಲಪರ್ ಪರದೆ ತೆರೆದಿದ್ದರೆ ಮಾತ್ರ ಕನ್ಸೋಲ್ ಇರ್ತಿತ್ತು. ತೆರೆಯದಿದ್ದರೆ ಕನ್ಸೋಲ್ ಅನ್ನೋ ವಸ್ತುವೇ ಇಲ್ಲ, ಲಾಗ್ ಸಾಲು ಬಂದ ಕಡೆ ಪ್ರೋಗ್ರಾಮೇ ನಿಂತುಬಿಡೋದು. ಗ್ರಾಹಕ ಫೋನ್ ಮಾಡಿ ಪೇಜು ಕೆಲಸ ಮಾಡ್ತಿಲ್ಲ ಅಂತಾನೆ. ಎಂಜಿನಿಯರ್ ಕಾರಣ ಹುಡುಕಲಿಕ್ಕೆ ಪರದೆ ತೆರೀತಾನೆ. ತೆರೆದ ಕೂಡಲೇ ಎಲ್ಲಾ ಸರಿ. ಮುಚ್ಚಿದರೆ ಮತ್ತೆ ಕೆಟ್ಟಿತು. ಡಾಕ್ಟರ್ ಬಂದ ಕೂಡಲೇ ಇಳಿಯೋ ಜ್ವರದಂಗ.

ಕನ್ಸೋಲ್ ಬಂತು, ಟ್ಯಾಗ್ ಬರಲಿಲ್ಲ. ಹೆಸರಿನ ಏಣಿ ಮಾಡಿದ್ದು ಜಾವಾದವರು. ಚೆಕಿ ಗುಲ್ಚು 1996ರ ಸುಮಾರಿಗೆ ಯುರೋಪಿನ ಒಂದು ಯೋಜನೆಗಾಗಿ ಶುರು ಮಾಡಿದ ಕೆಲಸ ಮುಂದೆ ಲಾಗ್‌ಫೋರ್‌ಜೆ ಆಯ್ತು. ಅದರಲ್ಲಿ ಪ್ರತಿ ಭಾಗಕ್ಕೂ ಚುಕ್ಕೆ ಹಾಕಿ ಬೆಳೆಸಿದ ಹೆಸರು. ಅಪ್ಪನಿಗೆ ಹೇಳಿದ ಮಾತು ಮಗನಿಗೂ ಅನ್ವಯ. ಮಗನಿಗೆ ಬೇರೆ ಹೇಳಿದರೆ ಅವನದು ಬೇರೆ. ಪೈಥಾನಿನವರೂ ಇದೇ ದಾರಿ ಹಿಡಿದರು, 2003ರಲ್ಲಿ ಭಾಷೆಯೊಳಗೇ ಸೇರಿಸಿದರು. ಆಂಡ್ರಾಯ್ಡಿನವರು ಇನ್ನೂ ಮುಂದೆ ಹೋಗಿ ಟ್ಯಾಗ್ ಇಲ್ಲದೆ ಲಾಗ್ ಬರೆಯಲಿಕ್ಕೇ ಬಿಡಲಿಲ್ಲ. ಅಲ್ಲಿ ಮೊದಲ ಮಾತೇ ಟ್ಯಾಗ್, ಎರಡನೆಯದು ಸಂದೇಶ. ನನ್ನ ಪ್ರಕಾರ ಅದೇ ಸರಿ.

2009ರಲ್ಲಿ ರಯಾನ್ ಡಾಲ್ ನೋಡ್ ಮಾಡಿ ಜಾವಾಸ್ಕ್ರಿಪ್ಟನ್ನು ಸರ್ವರಿಗೆ ತಂದ ಮೇಲೆ ತೊಂದರೆ ಹತ್ತು ಪಟ್ಟಾಯಿತು. ಯಾಕಂದ್ರ ನೋಡ್ ಒಬ್ಬನೇ ಮಾಣಿ ಇರೋ ಖಾನಾವಳಿ. ಒಂದು ಟೇಬಲಿನವರು ರೊಟ್ಟಿ ಕೇಳ್ತಾರೆ, ಅವನು ಒಳಗೆ ಕೂಗಿ ಹೇಳಿ, ರೊಟ್ಟಿ ಬೇಯೋತನಕ ನಿಲ್ಲದೆ ಇನ್ನೊಂದು ಟೇಬಲಿಗೆ ಹೋಗ್ತಾನೆ. ಕೆಲಸ ಬೇಗ ಆಗುತ್ತದೆ. ಆದರೆ ಅವನು ಕೂಗಿದ್ದನ್ನಷ್ಟೇ ಬರೆದಿಟ್ಟರೆ ‘ಎರಡು ರೊಟ್ಟಿ’, ‘ಒಂದು ಪಲ್ಯ’, ‘ರೊಟ್ಟಿ ಇಲ್ಲ’, ‘ಬಂತು’. ಯಾವ ಟೇಬಲಿಗೆ ರೊಟ್ಟಿ ಇಲ್ಲ, ಯಾವ ಟೇಬಲಿಗೆ ಏನು ಬಂತು, ದೇವರೇ ಬಲ್ಲ. ಸಾವಿರ ಜನರ ಕೆಲಸ ಒಂದರೊಳಗೊಂದು ಹೆಣೆದುಕೊಂಡು ಸಾಲುಗಳು ಬೀಳ್ತಾವೆ.

2011ರಲ್ಲಿ ಟಿ.ಜೆ. ಹೊಲೊವೈಚುಕ್ ಡೀಬಗ್ ಅನ್ನುವ ಪುಟ್ಟ ಲೈಬ್ರರಿ ಬರೆದರು. ಎಕ್ಸ್‌ಪ್ರೆಸ್ ಬರೆದವರೂ ಅವರೇ. ಇದರ ಕೆಲಸ ಹೇಳಲಿಕ್ಕೆ ಎರಡು ನಿಮಿಷ ಸಾಕು. ನೀವು ಅದಕ್ಕೆ ಒಂದು ಹೆಸರು ಕೊಡ್ತೀರಿ, ಅದು ನಿಮಗೆ ಒಂದು ಫಂಕ್ಷನ್ ವಾಪಸ್ ಕೊಡುತ್ತದೆ. ಆ ಫಂಕ್ಷನ್ನಿಗೆ ಏನು ಹೇಳಿದರೂ ಮುಂದೆ ಹೆಸರು ಸೇರಿಸಿ ಬರೆಯುತ್ತದೆ, ಕೊನೆಗೆ ಹಿಂದಿನ ಸಾಲಿನಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಹಾಕುತ್ತದೆ. ಹೆಸರಿನ ಅಕ್ಷರಗಳಿಂದ ಲೆಕ್ಕ ಮಾಡಿ ಒಂದು ಬಣ್ಣ ಆರಿಸುತ್ತದೆ, ಹಾಗಾಗಿ ಒಂದು ಹೆಸರಿಗೆ ಯಾವಾಗಲೂ ಒಂದೇ ಬಣ್ಣ. ಮುಖ್ಯವಾದದ್ದು ಇದು: ನೀವು ಕೇಳದೆ ಅದು ಬಾಯಿ ಬಿಡೋದಿಲ್ಲ. ಪ್ರೋಗ್ರಾಮ್ ಶುರು ಮಾಡುವಾಗ ಹೊರಗಿನಿಂದ ಒಂದು ಪಟ್ಟಿ ಕೊಡಬೇಕು, ಪೇಮೆಂಟ್ ಮಾತ್ರ ತೋರಿಸು ಅಂತ. ಹೆಸರಿನ ಕೊನೆಗೆ ನಕ್ಷತ್ರ ಹಾಕಿದರೆ ಅದರ ಮಕ್ಕಳೆಲ್ಲ ಬಂದರು, ಮುಂದೆ ಮೈನಸ್ ಹಾಕಿದರೆ ಅದೊಂದು ಬೇಡ. ಬ್ರೌಸರಿನಲ್ಲಿ ಇದೇ ಪಟ್ಟಿ ಲೋಕಲ್ ಸ್ಟೋರೇಜಿನಲ್ಲಿ ಇರುತ್ತದೆ.

ಇಂಥದ್ದನ್ನು ನೀವೇ ಬರೀಬೇಕಂದ್ರ ಇಪ್ಪತ್ತು ಸಾಲು ಸಾಕು. ಹೆಸರು ತಗೋ, ಪಟ್ಟಿಯಲ್ಲಿ ಇದೆಯಾ ನೋಡು, ಇದ್ದರೆ ಸಮಯ, ಹೆಸರು, ಮಟ್ಟ, ಸಂದೇಶ ಜೋಡಿಸಿ ಬರಿ. ಒಂದು ಎಚ್ಚರ ಮಾತ್ರ: ಜನ ತುಂಬಿದ ಮಾತನ್ನು ಹಾಗೇ ಸಾಲಿಗೆ ಅಂಟಿಸಬೇಡಿ. ಹೆಸರಿನ ಜಾಗದಲ್ಲಿ ಯಾರಾದರೂ ಸಾಲು ಮುರಿಯುವ ಅಕ್ಷರ ಹಾಕಿ ಅದರ ಮುಂದೆ ‘ಪೇಮೆಂಟ್: ಯಶಸ್ವಿ’ ಅಂತ ಬರೆದರೆ ನಿಮ್ಮ ಲಾಗಿನಲ್ಲಿ ಕೂಟಶಾಸನ ತಯಾರು. ಜೇಸನ್ ಸ್ಟ್ರಿಂಗಿಫೈ ಮೂಲಕ ಹಾಯಿಸಿದರೆ ಸಾಲು ಒಡೆಯೋದಿಲ್ಲ.

ಡೀಬಗ್ ಕೊಡೋದು ಭಾಗದ ಹೆಸರು. ಯಾವ ಟೇಬಲು ಅನ್ನೋದಕ್ಕೆ ಇನ್ನೊಂದು ಟ್ಯಾಗ್ ಬೇಕು. 2012ರ ಜನವರಿಯಲ್ಲಿ ಬಂದ ರೇಲ್ಸ್ 3.2 ಇದನ್ನು ಟ್ಯಾಗ್ಡ್ ಲಾಗಿಂಗ್ ಅಂತಲೇ ಕರೆದು, ಪ್ರತಿ ಕೋರಿಕೆಯ ಸಾಲುಗಳಿಗೂ ಆ ಕೋರಿಕೆಯ ನಂಬರನ್ನು ಮುಂದೆ ಹಚ್ಚಲಿಕ್ಕೆ ದಾರಿ ಮಾಡಿತು. ನೋಡಿನಲ್ಲಿ ಇದು ಸುಲಭ ಇರಲಿಲ್ಲ, ಮಾಣಿ ಟೇಬಲಿಂದ ಟೇಬಲಿಗೆ ಹಾರೋದರಿಂದ ನಂಬರನ್ನು ಫಂಕ್ಷನ್ನಿಂದ ಫಂಕ್ಷನ್ನಿಗೆ ಕೈಯಾರೆ ಹೊತ್ತು ಸಾಗಿಸಬೇಕಿತ್ತು. 2020ರಲ್ಲಿ ಅಸಿಂಕ್ ಲೋಕಲ್ ಸ್ಟೋರೇಜ್ ಬಂದ ಮೇಲೆ ಆ ಹೊರೆ ಇಳಿಯಿತು.

ಇಷ್ಟೆಲ್ಲ ಯಾಕೆ ಬೇಕು, ಒಂದು ಹೆಸರು ಇದ್ದರೆಷ್ಟು ಬಿಟ್ಟರೆಷ್ಟು ಅನ್ನುವವರಿಗೆ ನಮ್ಮ ಕಾಕಾನ ಬೆಳೆ ವಿಮೆ ಅರ್ಜಿಯ ಕಥೆ ಹೇಳ್ತೀನಿ. ಸೋಯಾ ಬಿತ್ತಿ ಆಗಿತ್ತು, ಅರ್ಜಿಗೆ ಕೊನೆಯ ವಾರ. ಕಾಕಾ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಂಪ್ಯೂಟರ್ ಸೆಂಟರಿಗೆ ಹೋಗೋದು, ಅಲ್ಲಿನ ಹುಡುಗ “ಕಾಕಾ, ಸರ್ವರ್ ಡೌನ್ ಅದ, ನಾಳಿ ಬರ್ರಿ” ಅನ್ನೋದು. ಮೂರನೇ ದಿನ ನನಗೆ ಫೋನ್ ಬಂತು.

“ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ. ಸರ್ವರ್ ಡೌನ್ ಅಂದ್ರ ಯಾವ ಸರ್ವರ್?”

“ಸ್ಕ್ರೀನ್ ಮ್ಯಾಲ ಏನ್ ಬರದದ ಕೇಳ್ರಿ ಕಾಕಾ.”

ಹುಡುಗ ಫೋನ್ ಇಸಕೊಂಡು ಓದಿದ. ಸಮ್‌ಥಿಂಗ್ ವೆಂಟ್ ರಾಂಗ್. ಅಷ್ಟೇ. ಯಾವ ಭಾಗ, ಯಾವ ನಂಬರು, ಏನೂ ಇಲ್ಲ.

ಆ ಒಂದು ಅರ್ಜಿಯ ಹಿಂದೆ ಎಷ್ಟು ಬಾಗಿಲು ಇರಬಹುದು ಎಣಿಸಿ ನೋಡ್ರಿ. ಬೆರಳಚ್ಚು ಯಂತ್ರ ಕೈ ಒಪ್ಪದೇ ಇರಬಹುದು, ಕಷ್ಟದ ಕೆಲಸ ಮಾಡಿದವರ ಬೆರಳು ಸವೆದಿರುತ್ತದೆ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದಕ್ಷರ ಬೇರೆ ಇರಬಹುದು. ಬ್ಯಾಂಕಿನ ಕೋಡು ಹಳೆಯದಿರಬಹುದು. ಅಥವಾ ನಿಜವಾಗಿಯೂ ಸರ್ವರ್ ಬಿದ್ದಿರಬಹುದು. ಒಂದೊಂದಕ್ಕೆ ಒಂದೊಂದು ಕಚೇರಿ, ಒಂದೊಂದು ಪರಿಹಾರ. ಸರ್ವರ್ ಬಿದ್ದಿದ್ದರೆ ಕಾಯಬೇಕು. ಹೆಸರು ತಪ್ಪಿದ್ದರೆ ಕಾದು ಉಪಯೋಗ ಇಲ್ಲ, ಎದ್ದು ಓಡಾಡಬೇಕು. ಈ ಎರಡರ ನಡುವೆ ಏನು ಮಾಡಬೇಕು ಅಂತ ರೈತನಿಗೆ ಹೇಳಬೇಕಾಗಿದ್ದದ್ದು ಒಂದೇ ಒಂದು ಪದ. ಆ ಪದ ಎಲ್ಲೋ ದೂರದ ಲಾಗಿನಲ್ಲೂ ಇತ್ತೋ ಇಲ್ಲವೋ, ಪರದೆಗಂತೂ ಬರಲಿಲ್ಲ.

ಕೊನೆಗೆ ಆ ಸೆಂಟರಿನ ಹುಡುಗನೇ ಒಂದೊಂದೇ ಬದಲಿಸಿ ನೋಡುತ್ತ ಹೋಗಿ ಹಿಡಿದ. 2020ರ ಏಪ್ರಿಲಿನಲ್ಲಿ ಹತ್ತು ಸರ್ಕಾರಿ ಬ್ಯಾಂಕು ಸೇರಿ ನಾಲ್ಕಾದವಲ್ಲ, ಅದರ ಹಿಂದೆ ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ಕಾಕಾನ ಪಾಸ್‌ಬುಕ್ಕಿನಲ್ಲಿ ಹಳೆಯ ಕೋಡೇ ಇತ್ತು. ಹೊಸದು ಹಾಕಿದ ಕೂಡಲೇ ಅರ್ಜಿ ಹೋಯ್ತು, ಕೊನೆಯ ದಿನ ಸಂಜೆ. ಅವರ ಜೊತೆ ಮೂರು ದಿನ ಅದೇ ಬೆಂಚಿನ ಮೇಲೆ ಕುಂತಿದ್ದ ಇನ್ನೊಬ್ಬರದು ಹೋಗಲಿಲ್ಲ. ಅವರದು ಬ್ಯಾಂಕಿನ ತೊಂದರೆ ಅಲ್ಲ, ಬೇರೆ ಏನೋ. ಏನು ಅಂತ ಯಾರಿಗೂ ಗೊತ್ತಾಗಲಿಲ್ಲ.

ಹಾಗಂತ ಕಂಡಕಂಡದ್ದನ್ನೆಲ್ಲ ಲಾಗಿಗೆ ಬರೆಯೋದೂ ಅಪಾಯ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಹೇಳಬೇಕಾಯ್ತು. ಪಾಸ್‌ವರ್ಡನ್ನು ಗುಪ್ತ ರೂಪಕ್ಕೆ ತಿರುಗಿಸುವ ಮೊದಲೇ ಒಳಗಿನ ಲಾಗಿಗೆ ಅದು ಬರೆದು ಹೋಗ್ತಿತ್ತು. ಮರುವರ್ಷ ಫೇಸ್‌ಬುಕ್ಕಿನಲ್ಲೂ ಕೋಟಿಗಟ್ಟಲೆ ಪಾಸ್‌ವರ್ಡ್ ಹೀಗೇ ಬಿದ್ದಿದ್ದು ಹೊರಬಂತು. ನಮ್ಮ ದೇಶದಲ್ಲಿ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ಲಾಗುಗಳನ್ನು 180 ದಿನ ಇಟ್ಟುಕೊಂಡಿರಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಂಡಿರಬೇಕು. ಒಳ್ಳೆಯದೇ. ಆದರೆ ಲಾಗಿನಲ್ಲಿ ಆಧಾರ್ ನಂಬರು, ಫೋನ್ ನಂಬರು ಬಿದ್ದಿದ್ದರೆ ಅವೂ 180 ದಿನ ಅಲ್ಲೇ ಕೂತಿರುತ್ತವೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ. ಲಾಗ್ ಕಡತವನ್ನು ದತ್ತಾಂಶ ಅಂತ ನೋಡುವ ಅಭ್ಯಾಸ ಇನ್ನೂ ಬಂದಿಲ್ಲ.

ಇಲ್ಲಿ ಕಲ್ಯಾಣ ಮತ್ತೆ ಉಪಯೋಗಕ್ಕೆ ಬರುತ್ತದೆ. ಸ್ಮೃತಿಯ ಸಾಲಪತ್ರದಲ್ಲಿ ಹೆಸರಿನ ಜೊತೆ ಜಾತಿ, ಗೋತ್ರ ಎರಡೂ ಕಾಲಂ ಇದ್ದವು. ಮನುಷ್ಯನೇ ಟ್ಯಾಗ್, ಅವನು ಹುಟ್ಟಿದ್ದೆಲ್ಲಿ ಅನ್ನೋದೇ ಟ್ಯಾಗ್. ಶರಣರ ಹೆಸರು ನೋಡ್ರಿ: ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಹೆಸರಿನ ಮುಂದೆ ಇರೋದು ಮಾಡುವ ಕಾಯಕ. ಅಂಥ ಕಾಯಕದ ಹೆಸರುಗಳೂ ತಿರುಗಿ ಜಾತಿಯ ಹೆಸರಾದವು ಅನ್ನೋದು ಬೇರೆ ನೋವಿನ ಮಾತು. ಲಾಗಿನ ಟ್ಯಾಗು ಎರಡನೆಯ ಥರದ್ದಾಗಿರಬೇಕು. ಯಾವ ಕೆಲಸ ನಡೀತಿದೆ ಅಂತ ಹೇಳಬೇಕು, ಯಾರಿಗಾಗಿ ಅಂತ ಹೇಳಬಾರದು. ‘ಬ್ಯಾಂಕ್‌ಪರೀಕ್ಷೆ’ ಅಂದರೆ ಟ್ಯಾಗ್. ರೈತನ ಆಧಾರ್ ನಂಬರು ಟ್ಯಾಗ್ ಅಲ್ಲ. ಟೇಬಲು ಗುರುತಿಸಲಿಕ್ಕೆ ಆ ಒಂದು ಕೋರಿಕೆಗಷ್ಟೇ ಹುಟ್ಟಿ ಮುಗಿಯುವ ಯಾವುದಾದರೂ ನಂಬರು ಸಾಕು.

ಲೈಬ್ರರಿಗಳನ್ನು ನಂಬುವ ಬಗ್ಗೆಯೂ ಎರಡು ಮಾತು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆಯ ಎರಡನೇ ಆವೃತ್ತಿಯಲ್ಲಿ ಲಾಗ್‌ಫೋರ್‌ಶೆಲ್ ಎಂಬ ಬಿರುಕು ಹೊರಬಂತು. ಗಂಭೀರತೆಗೆ ಹತ್ತಕ್ಕೆ ಹತ್ತು ಅಂಕ. ಬರೆದುಕೊಳ್ಳು ಅಂತ ಕೊಟ್ಟ ಸಾಲಿನೊಳಗೆ ಒಂದು ವಿಶೇಷ ನಮೂನೆಯ ವಿಳಾಸ ಇದ್ದರೆ, ಆ ಲೈಬ್ರರಿ ಬರೆಯೋದು ಬಿಟ್ಟು ಆ ವಿಳಾಸಕ್ಕೇ ಹೋಗಿ ಅಲ್ಲಿನ ಕೋಡನ್ನು ತಂದು ಓಡಿಸ್ತಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಕರಣಿಕ ಬರೆದುಕೊಳ್ಳಬೇಕು, ಬರೆದುಕೊಂಡದ್ದನ್ನು ಆಜ್ಞೆ ಅಂತ ಪಾಲಿಸಬಾರದು. ಅತಿಯಾದ ಸೌಕರ್ಯ ಸೇರಿಸಿದ್ದಕ್ಕೆ ಬಂದ ಫಲ ಅದು.

ಡೀಬಗ್‌ನಲ್ಲಿ ಅಂಥ ಸೌಕರ್ಯ ಏನೂ ಇರಲಿಲ್ಲ, ಆದರೂ ಅದರ ಸರದಿ ಬಂತು. 2025ರ ಸೆಪ್ಟೆಂಬರ್ 8. ಅದನ್ನು ಈಗ ನೋಡಿಕೊಳ್ಳುವವರಿಗೆ ಎನ್‌ಪಿಎಂ ಕಳಿಸಿದಂತೆ ಕಾಣುವ ಒಂದು ಕಳ್ಳ ಮೇಲ್ ಬಂತು, ಎರಡು ಹಂತದ ಭದ್ರತೆಯನ್ನು ನವೀಕರಿಸಿ ಅಂತ. ಅದರಿಂದ ಖಾತೆ ಕಳ್ಳರ ಕೈಗೆ ಹೋಗಿ, ಡೀಬಗ್, ಚಾಕ್ ಮುಂತಾದ ಪ್ಯಾಕೇಜುಗಳ ವಿಷ ಬೆರೆಸಿದ ಆವೃತ್ತಿ ಪ್ರಕಟವಾಯ್ತು. ಬ್ರೌಸರಿನಲ್ಲಿ ಕ್ರಿಪ್ಟೊ ಹಣ ಕಳಿಸುವಾಗ ವಿಳಾಸ ಬದಲಿಸುವ ಕೋಡು ಅದು. ಕೆಲವೇ ತಾಸಿನಲ್ಲಿ ಗೊತ್ತಾಗಿ ತೆಗೆದುಹಾಕಿದರು. ಡೀಬಗ್ ಒಂದನ್ನೇ ವಾರಕ್ಕೆ 30 ಕೋಟಿಗೂ ಹೆಚ್ಚು ಸಲ ಜಗತ್ತು ಇಳಿಸಿಕೊಳ್ತಿತ್ತು. ಇಪ್ಪತ್ತು ಸಾಲಿನ ಕೆಲಸಕ್ಕೆ ಹೊರಗಿನವರ ಬಾಗಿಲು ಬಡಿಯಬೇಕಾ ಅಂತ ನಮ್ಮ ತಂಡದಲ್ಲಿ ಮರುದಿನ ಮಧ್ಯಾಹ್ನದ ಊಟದ ತನಕ ಚರ್ಚೆ ನಡೀತು.

ಬೇಕಿಲ್ಲ ಅಂತ ಆಯ್ತು. ನೋಡಿನ ಯುಟಿಲ್ ಎಂಬ ಭಾಗದೊಳಗೇ ಡೀಬಗ್‌ಲಾಗ್ ಅಂತ ಒಂದು ಫಂಕ್ಷನ್ ಬಹಳ ವರ್ಷದಿಂದ ಕೂತಿದೆ. ಹೆಸರು ಕೊಟ್ಟರೆ ಅದೂ ಹೆಚ್ಚುಕಡಿಮೆ ಡೀಬಗ್ ಹಾಗೇ ನಡೆಯುತ್ತದೆ, ಹೆಸರಿಗೆ ಬಣ್ಣ ಇಲ್ಲ. ಸಾಲಿನ ಮುಂದೆ ಹೆಸರು ಮತ್ತು ಪ್ರೋಸೆಸ್ ನಂಬರು ಹಾಕುತ್ತದೆ. ಅದರ ಮೇಲೆ ಸಮಯ ಮತ್ತು ಕೋರಿಕೆಯ ನಂಬರು ಸೇರಿಸುವ ಹನ್ನೆರಡು ಸಾಲು ನಾವೇ ಬರೆದೆವು. ಹೆಸರುಗಳ ಪಟ್ಟಿ ಮಾಡುವಾಗಲೇ ಹೆಚ್ಚು ಹೊತ್ತು ಹಿಡಿಯಿತು, ‘ಕಾಮನ್’, ‘ಹೆಲ್ಪರ್’ ಅನ್ನುವ ಎರಡು ಹೆಸರು ಇಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಇಪ್ಪತ್ತಮೂರು ಹೆಸರಾದವು. ತಪ್ಪಾದಾಗ ಪರದೆಯ ಮೇಲೆ ಬರುವ ಸಂದೇಶದ ಮುಂದೆಯೂ ಅದೇ ಹೆಸರು, ಕೆಳಗೆ ಕೋರಿಕೆಯ ನಂಬರು. ಸಹಾಯವಾಣಿಯಲ್ಲಿ ಕೂರುವ ಹುಡುಗಿ ಈಗ ಏನಾಯ್ತು ಅಂತ ಕೇಳೋದಿಲ್ಲ, ಮೊದಲ ಪದ ಏನು ಬರೆದಿದೆ ಓದ್ರಿ ಅಂತಾಳೆ.